2005ರ ಮಾರುತಿ 800: ಮೂರು ತಿಂಗಳಿಂದ ಹೋಗದ ಕರಕರ ಸದ್ದು

ಗುಡ್ಡೇಕೇರಿ ತೋಟದವ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಗುಡ್ಡೇಕೇರಿಯಿಂದ ಮೂರು ಕಿಲೋಮೀಟರ್ ಒಳಗೆ. ಕಾರು ಬಿಳಿಯ ಮಾರುತಿ 800, ಅಪ್ಪ 2005ರಲ್ಲಿ ಹೊಸದಾಗಿ ಕೊಂಡದ್ದು. ಒಂದು ಲಕ್ಷದ ನಲವತ್ತು ಸಾವಿರ ಕಿಲೋಮೀಟರ್ ಓಡಿದೆ ಎಂದು ಮೀಟರ್ ಹೇಳುತ್ತದೆ. ನಡುವೆ ಎರಡು ವರ್ಷ ಮೀಟರಿನ ಕೇಬಲ್ ತುಂಡಾಗಿತ್ತು, ಆ ಲೆಕ್ಕ ದೇವರಿಗೇ ಗೊತ್ತು.

ಪುನರ್ವಸು ಮಳೆ ಹಿಡಿದ ವಾರದಲ್ಲಿ ಸದ್ದು ಶುರುವಾಗಿರಬೇಕು. ಮಳೆಯ ಅಬ್ಬರದಲ್ಲಿ ಗೊತ್ತಾಗಿರಲಿಲ್ಲ. ಒಂದು ದಿನ ಸ್ವಲ್ಪ ಹೊಳವಾದಾಗ ಗಾಜು ಇಳಿಸಿಕೊಂಡು ಹೊರಟೆ. ಮೇಗರವಳ್ಳಿ ದಾಟುವ ಹೊತ್ತಿಗೆ ಕರಕರ, ಕರಕರ. ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದೆ, ಎಲ್ಲಿಯೂ ಏನೂ ಜೋತುಬಿದ್ದಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ ಎಲ್ಲ ಮಳೆಗಳೂ ಮುಗಿದವು, ಸದ್ದು ಮಾತ್ರ ಇದೆ.

ಲಕ್ಷಣ ಹೇಳುತ್ತೇನೆ. ನಲವತ್ತರ ಮೇಲೆ ವೇಗ ಹೋದಂತೆ ಹೆಚ್ಚುತ್ತದೆ. ಎಡಕ್ಕೆ ತಿರುಗುವಾಗ ಜೋರು, ಬಲಕ್ಕೆ ತಿರುಗುವಾಗ ಅಷ್ಟಿಲ್ಲ. ಆದರೆ ಒಮ್ಮೊಮ್ಮೆ ಹತ್ತರ ವೇಗದಲ್ಲಿ ನಮ್ಮ ಮಣ್ಣುರಸ್ತೆಯಲ್ಲಿ ಹೋಗುವಾಗಲೂ ಬರುತ್ತದೆ. ಬೆಳಿಗ್ಗೆ ಕೊಟ್ಟಿಗೆಯಿಂದ ತೆಗೆದ ಕೂಡಲೇ ಬರುವುದೂ ಉಂಟು. ಇದೇ ನನ್ನ ತಲೆ ಕೆಡಿಸಿರುವುದು. ವೇಗದ್ದು ಎನ್ನೋಣವೆಂದರೆ ನಿಧಾನಕ್ಕೂ ಬರುತ್ತದೆ, ತಿರುವಿನದು ಎನ್ನೋಣವೆಂದರೆ ನೇರ ದಾರಿಯಲ್ಲೂ ಬರುತ್ತದೆ.

ಮೊದಲ ಗ್ಯಾರೇಜಿನವರು ಮುಂದಿನ ಬ್ರೇಕ್ ಪ್ಯಾಡ್ ಬದಲಿಸಿದರು. ಹಳೆಯ ಪ್ಯಾಡ್ ಇನ್ನೂ ಅರ್ಧ ಇತ್ತು. ಎರಡನೆಯ ಗ್ಯಾರೇಜಿನವರಿಗೆ "ಎಡ ತಿರುವಿನಲ್ಲಿ ಜೋರಾಗಿ ಬರುತ್ತದೆ, ಎಡಗಡೆಯದೇ ಇರಬೇಕು" ಎಂದು ನಾನೇ ಹೇಳಿದೆ. ಅವರು ಮರುಮಾತಿಲ್ಲದೆ ಎಡ ಮುಂಚಕ್ರದ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲೆಂದು ಒಳಗಿರುವ ಗುಂಡುಗಳ ಬಳೆ) ಬದಲಿಸಿದರು. ಬರುವಾಗ ದಾರಿಯಲ್ಲಿ ಸದ್ದು ಕಡಿಮೆಯಾಗಿದೆ ಅನ್ನಿಸಿತು. ದುಡ್ಡು ಕೊಟ್ಟ ದಿನ ಎಲ್ಲ ಸದ್ದೂ ಕಡಿಮೆಯಾದಂತೆಯೇ ಕೇಳುತ್ತದೆ. ಮಾರನೆಯ ದಿನ ಅದೇ ಹಾಡು. ತೆಗೆದ ಬೇರಿಂಗನ್ನು ಕೇಳಿ ಮನೆಗೆ ತಂದಿದ್ದೇನೆ. ಬೆರಳು ತೂರಿಸಿ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗುತ್ತದೆ. ಜಗಲಿಯ ಕಿಟಕಿಯಲ್ಲಿಟ್ಟಿದ್ದೇನೆ, ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹದಿನೈದು ದಿನಕ್ಕೊಮ್ಮೆ ಅಮ್ಮನನ್ನು ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ. ಅಡಿಕೆ ಕೊನೆಯ ಕೊಯ್ಲು ಶುರುವಾದರೆ ಗ್ಯಾರೇಜಿಗೆ ಅಲೆಯಲು ಪುರುಸೊತ್ತಿರುವುದಿಲ್ಲ. ಇನ್ನೊಂದು ಬಿಡಿಭಾಗ ಬದಲಿಸುವ ಮೊದಲು ತಿಳಿದವರು ಹೇಳಿ, ಇದು ಏನು?

ಸಾಗರದ ಚಾಲಕ

ನನಗೆ ಥೇಟ್ ಹೀಗೇ ಆಗಿತ್ತು. ಹುಲಿಕಲ್ ಘಾಟಿಯಲ್ಲಿ ರಸ್ತೆ ಅಗೆದು ಜಲ್ಲಿ ಹರವಿದ್ದರು. ಮನೆಗೆ ಬಂದ ಮೇಲೆ ಚಕ್ರದಿಂದ ಕಬ್ಬಿಣ ಗೀಚುವ ಸದ್ದು. ಬ್ರೇಕ್ ಡಿಸ್ಕಿನ ಹಿಂದೆ ಒಂದು ತೆಳು ತಗಡು ಇರುತ್ತದೆ, ಕೆಸರು ಸಿಡಿಯದಿರಲಿ ಎಂದು. ಆ ತಗಡಿಗೂ ಡಿಸ್ಕಿಗೂ ನಡುವೆ ಕಡಲೆಕಾಳಿನಷ್ಟು ಜಲ್ಲಿ ಸಿಕ್ಕಿಕೊಂಡಿತ್ತು. ರಿವರ್ಸ್ ಹಾಕಿ ಹತ್ತಡಿ ಹೋಗಿ ಬ್ರೇಕ್ ಒತ್ತಿ ನೋಡಿ, ಒಮ್ಮೊಮ್ಮೆ ತಾನೇ ಉದುರುತ್ತದೆ. ಇಲ್ಲದಿದ್ದರೆ ಚಕ್ರ ಬಿಚ್ಚಿ, ತಗಡನ್ನು ಸ್ಕ್ರೂ ಡ್ರೈವರಿನಿಂದ ಸ್ವಲ್ಪ ಮೀಟಿ. ಖರ್ಚು ಸೊನ್ನೆ.

ಕೊಪ್ಪದಿಂದ ಬೆಂಗಳೂರಿಗೆ

ಇಪ್ಪತ್ತು ವರ್ಷ ಆಯಿತಲ್ಲ, ಮಾರಿಬಿಡಿ. ಇನ್ನೆಷ್ಟು ದುಡ್ಡು ಸುರಿಯುತ್ತೀರಿ?

ಗ್ಯಾರೇಜ್ ಕೈ

ಶಿವಮೊಗ್ಗದಲ್ಲಿ ಮೂವತ್ತು ವರ್ಷ ಕಾರಿನ ಕೆಳಗೆ ಮಲಗಿದವನು ನಾನು. ಈಗ ಬೆನ್ನು ಬಗ್ಗುವುದಿಲ್ಲ, ಬಾಯಿ ಮಾತ್ರ ನಡೆಯುತ್ತದೆ. ಸ್ವಲ್ಪ ಬೈದರೆ ಬೇಸರ ಮಾಡಿಕೊಳ್ಳಬೇಡಿ.

ತೋಟದವರೇ, ನೀವು ಎಡ ಎಂದು ಹೇಳಿದಿರಿ, ಅವರು ಎಡದ್ದನ್ನು ಬಿಚ್ಚಿದರು. ತಪ್ಪು ಇಬ್ಬರದ್ದೂ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಬಸ್ಸಿನಲ್ಲಿ ನಿಂತು ಇಳಿದಿದ್ದೀರಲ್ಲ? ಬಸ್ಸು ಎಡಕ್ಕೆ ಹೊರಳಿದಾಗ ನೀವು ಯಾವ ಕಡೆಗೆ ವಾಲುತ್ತೀರಿ? ಬಲಕ್ಕೆ. ಕಾರಿನ ಭಾರವೂ ಹಾಗೆಯೇ ಬಲಗಡೆಯ ಚಕ್ರಗಳ ಮೇಲೆ ಹೋಗಿ ಕೂರುತ್ತದೆ. ಕೆಟ್ಟ ಬೇರಿಂಗ್ ಕೂಗುವುದು ಭಾರ ಬಿದ್ದಾಗ. ಎಡ ತಿರುವಿನಲ್ಲಿ ಜೋರಾದರೆ ಮೊದಲ ಸಂಶಯ ಬಲಗಡೆಯದರ ಮೇಲೆ. ನಿಮ್ಮ ಕಿಟಕಿಯಲ್ಲಿ ಕೂತಿರುವುದು ನಿರಪರಾಧಿ.

ಆದರೆ ಇಷ್ಟಕ್ಕೇ ಬಲದ ಬೇರಿಂಗ್ ತರಲು ಓಡಬೇಡಿ. ಹತ್ತರ ವೇಗದಲ್ಲೂ ಬರುತ್ತದೆ ಎಂದಿರಲ್ಲ, ಅದು ಬೇರಿಂಗಿನ ಕತೆಗೆ ಹೊಂದುವುದಿಲ್ಲ. "ಕರಕರ" ಎಂದರೆ ನನಗೆ ಏನೂ ತಿಳಿಯುವುದಿಲ್ಲ. ಗ್ಯಾರೇಜಿಗೆ ಬರುವ ನೂರರಲ್ಲಿ ತೊಂಬತ್ತು ಜನ ಕರಕರ ಎಂದೇ ಹೇಳುತ್ತಾರೆ. ಗೊರಗೊರವೋ, ಕಿರಕಿರವೋ, ಕಟಕಟವೋ? ಬಿಟ್ಟು ಬಿಟ್ಟು ಬರುತ್ತದೆಯೋ, ಒಂದೇ ಸಮನೆಯೋ?

ದುಡ್ಡು ಖರ್ಚಿಲ್ಲದ ಕೆಲಸ ಹೇಳುತ್ತೇನೆ. ಮೊದಲು ಅಂಗಳದಲ್ಲಿ ನಿಂತಲ್ಲೇ, ನ್ಯೂಟ್ರಲ್‌ನಲ್ಲಿ ಎಂಜಿನ್ ರೇಸ್ ಮಾಡಿ. ಸದ್ದು ಬಂದರೆ ಚಕ್ರದ ಮಾತೇ ಬಿಡಿ, ಆಲ್ಟರ್ನೇಟರೋ ವಾಟರ್ ಪಂಪೋ ನೋಡಬೇಕು. ಕ್ಲಚ್ ಒತ್ತಿದ ಕೂಡಲೇ ನಿಲ್ಲುವ ಸದ್ದಾದರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗ್, ಒತ್ತಿದಾಗಲೇ ಶುರುವಾಗುವುದಾದರೆ ಕ್ಲಚ್ ಬೇರಿಂಗ್. ನಿಂತಾಗ ಏನೂ ಇಲ್ಲವಾದರೆ ಸಮತಟ್ಟಾದ ಖಾಲಿ ರಸ್ತೆಯಲ್ಲಿ ಐವತ್ತಕ್ಕೆ ಹೋಗಿ ನ್ಯೂಟ್ರಲ್ ಮಾಡಿ. ಎಂಜಿನ್ ಇಳಿದರೂ ಸದ್ದು ಇಳಿಯದಿದ್ದರೆ ಚಕ್ರದ್ದೇ. ಇದನ್ನು ಘಾಟಿ ಇಳಿಯುವಾಗ ಮಾಡಬೇಡಿ, ಎಂಜಿನ್ ನಂದಿಸಿಯಂತೂ ಎಂದೂ ಮಾಡಬೇಡಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಅಂಗಳದಲ್ಲಿ ನಿಧಾನ ಸುತ್ತು ಹಾಕಿ. ಕಟಕಟ ಎಂದರೆ ಮುಂದಿನ ಆ್ಯಕ್ಸಲ್ ಜಾಯಿಂಟ್, ಅದರ ರಬ್ಬರ್ ಚೀಲ ಹರಿದು ಗ್ರೀಸ್ ಹೊರಗೆ ಸಿಡಿದಿದೆಯೇ ನೋಡಿ. ಟಯರಿನ ಮೇಲೆ ಅಂಗೈ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಒರಟು ಸಿಕ್ಕಿದರೆ ಬೇರಿಂಗಿನದೇ ಎನ್ನಿಸುವ ಸದ್ದು ಟಯರೇ ಮಾಡುತ್ತದೆ. ಅನುಭವಸ್ಥರೂ ಮೋಸ ಹೋಗುತ್ತಾರೆ. ನಾನೂ ಹೋಗಿದ್ದೇನೆ.

ಕೊನೆಗೆ, ಒಂದು ಐದಾರು ಕಿಲೋಮೀಟರ್ ಬ್ರೇಕ್ ಹೆಚ್ಚು ಬಳಸದೆ ಓಡಿಸಿ ಬಂದು, ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ತಿರ ಹಿಡಿಯಿರಿ, ಯಾವುದು ಹೆಚ್ಚು ಬಿಸಿ ಎಂದು ತಿಳಿಯುತ್ತದೆ. ಬಂದು ಬರೆಯಿರಿ.

ಸಾಗರದವರು ಹೇಳಿದ ಜಲ್ಲಿ ಆಗಿರಬಹುದು. ಆದರೆ ಜಲ್ಲಿ ಮೂರು ತಿಂಗಳು ಕಾಯುವುದಿಲ್ಲ, ಸವೆದು ಪುಡಿಯಾಗಿರುತ್ತದೆ.

ಗುಡ್ಡೇಕೇರಿ ತೋಟದವ

ಬೈದದ್ದಕ್ಕೆ ಬೇಸರವಿಲ್ಲ, ಗ್ಯಾರೇಜಿನವರೇ. ನಿರಪರಾಧಿಯನ್ನು ಒರೆಸಿ ಮತ್ತೆ ಕಿಟಕಿಯಲ್ಲೇ ಇಟ್ಟಿದ್ದೇನೆ.

ಕೊಪ್ಪದವರಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಮ್ಮ ತೋಟದ ಉಣುಗೋಲಿನೊಳಗೆ ನುಗ್ಗುವ ಬೇರೆ ಕಾರು ಇದ್ದರೆ ತಿಳಿಸಿ ಮಾರಾಯರೇ. ಈ ಕಾರಿನ ಅಗಲ ಒಂದೂವರೆ ಮೀಟರ್ ಕೂಡ ಇಲ್ಲ. ಹಿಂದಿನ ಸೀಟು ಮಡಚಿದರೆ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವ ಪೈಪು ಎಲ್ಲ ಹಿಡಿಯುತ್ತದೆ. ತಯಾರಿಕೆ 2014ರಲ್ಲಿ ನಿಂತರೂ ಬಿಡಿಭಾಗ ಇನ್ನೂ ತೀರ್ಥಹಳ್ಳಿಯಲ್ಲೇ ಸಿಗುತ್ತದೆ. ಮಾರುವ ಮಾತು ಇಲ್ಲ.

ಜಲ್ಲಿ ನೋಡಿದೆ, ಸಿಗಲಿಲ್ಲ. ನಿಂತಲ್ಲಿ ರೇಸ್ ಮಾಡಿದರೆ ಏನೂ ಇಲ್ಲ, ಕ್ಲಚ್ ಒತ್ತಿದರೂ ಬಿಟ್ಟರೂ ಮೌನ. ಅಂಗಳದಲ್ಲಿ ಸುತ್ತು ಹಾಕಿದೆ, ಕಟಕಟ ಇಲ್ಲ. ಟಯರ್ ನುಣುಪಾಗಿದೆ, ಅದು ಬೇರೆ ಚಿಂತೆ.

ಶಿವಮೊಗ್ಗಕ್ಕೆ ಹೋಗುವಾಗ ಮಂಡಗದ್ದೆಯ ಈಚೆ ಹೊಳೆಯ ಬದಿಗೆ ಉದ್ದನೆಯ ತಿರುವುಗಳಿವೆಯಲ್ಲ, ಅಲ್ಲಿ ಚೆನ್ನಾಗಿ ಗೊತ್ತಾಯಿತು. ಎಡ ತಿರುವು ಶುರುವಾದ ಕೂಡಲೇ ಸದ್ದು ಏಳುತ್ತದೆ, ತಿರುವು ಮುಗಿದು ಸ್ಟಿಯರಿಂಗ್ ನೇರವಾದ ಕೂಡಲೇ ಇಳಿಯುತ್ತದೆ. ನೇರ ದಾರಿಯಲ್ಲಿ ನ್ಯೂಟ್ರಲ್ ಮಾಡಿದಾಗಲೂ ನಿಲ್ಲಲಿಲ್ಲ.

ಈಗ ಮುಖ್ಯ ವಿಷಯ. ನೀವು ಗೊರಗೊರವೋ ಕಿರಕಿರವೋ ಎಂದು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಯಾವಾಗಲೂ ನನ್ನ ಬೆನ್ನ ಹಿಂದಿನ ಸೀಟಿನಲ್ಲೇ ಕೂರುವುದು. "ಅದು ಒಂದು ಸದ್ದು ಎಂದು ನಿನಗೆ ಹೇಳಿದವರು ಯಾರು? ಎರಡು ಇವೆ. ಒಂದು ಒರಳಿನದು, ಒಂದು ತುರಿಮಣೆಯದು" ಎಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, "ನೀನು ಕೇಳಲಿಲ್ಲವಲ್ಲ" ಎಂದರು.

ಮಾರನೆಯ ದಿನ ಅಮ್ಮನನ್ನೇ ಕೂರಿಸಿಕೊಂಡು ಹೊರಟೆ. ವೇಗದಲ್ಲಿ, ಎಡ ತಿರುವಿನಲ್ಲಿ ಬರುವುದು ಒರಳು. ಉದ್ದು ರುಬ್ಬುವಾಗ ಗುಂಡು ಒಳಗೊಳಗೇ ಗೊರಗುಟ್ಟುತ್ತದಲ್ಲ, ಹಾಗೆ ಒಂದೇ ಸಮನೆ, ನೆಲದಿಂದ ಕಾಲಿಗೆ ಬರುವಂಥದ್ದು. ನಿಧಾನದಲ್ಲಿ ಬರುವುದು ತುರಿಮಣೆ. ಕಾಯಿ ತುರಿದು ಕೊನೆಗೆ ಹಲ್ಲು ಕರಟಕ್ಕೆ ತಾಗಿದಾಗ ಬರುವ ಕಿರ್, ಕಿರ್, ಕಿರ್. ಚಕ್ರದ ಒಂದು ಸುತ್ತಿಗೆ ಒಂದು ಸಲ. ಮೂರು ತಿಂಗಳಿಂದ ಎರಡನ್ನೂ ಸೇರಿಸಿ ಕರಕರ ಎಂದು ಕರೆದು ಗ್ಯಾರೇಜಿನವರ ಮುಂದೆ ಇಟ್ಟವನು ನಾನು.

ಕೈ ಹಿಡಿದು ನೋಡಲು ಹೇಳಿದ್ದಿರಿ. ಹಿಡಿಯುವ ಅಗತ್ಯವೇ ಬೀಳಲಿಲ್ಲ. ಮನೆಗೆ ಬಂದು ಇಳಿದಾಗ ಜಿಟಿಜಿಟಿ ಮಳೆ ಹನಿಯುತ್ತಿತ್ತು. ಮೂರು ಚಕ್ರಗಳ ನಡುಭಾಗದಲ್ಲಿ ನೀರು ಮಣಿಮಣಿಯಾಗಿ ನಿಂತಿತ್ತು. ಬಲಗಡೆ ಹಿಂದಿನ ಚಕ್ರದ ನಡುಭಾಗ ಮಾತ್ರ ಒಣಗಿತ್ತು. ನೋಡುತ್ತಿದ್ದಂತೆ ಒಂದು ಹನಿ ಬಿದ್ದು ಆರಿಹೋಯಿತು.

ಗ್ಯಾರೇಜ್ ಕೈ

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಗ್ಯಾರೇಜಿಗೆ ಇಂಥ ಗಿರಾಕಿ ವರ್ಷಕ್ಕೊಬ್ಬರು ಬಂದರೆ ಸಾಕಿತ್ತು.

ಒರಳು ಬಲಗಡೆಯ ಬೇರಿಂಗ್. ತುರಿಮಣೆ ಬಲಗಡೆ ಹಿಂದಿನ ಬ್ರೇಕ್, ಬಿಡದೆ ಹಿಡಿದುಕೊಂಡಿದೆ. ಒಂದು ಪ್ರಶ್ನೆ: ಇಳಿಜಾರು ಅಂಗಳದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸುವ ಅಭ್ಯಾಸವೇ? ಮಳೆಗಾಲದಲ್ಲಿ ಅದರ ಕೇಬಲ್ ಕವಚದೊಳಗೆ ನೀರು ಹೋಗಿ ತುಕ್ಕು ಹಿಡಿಯುತ್ತದೆ. ನೀವು ಲಿವರ್ ಇಳಿಸುತ್ತೀರಿ, ಕೇಬಲ್ ಹಿಂದಕ್ಕೆ ಹೋಗುವುದಿಲ್ಲ. ಬ್ರೇಕಿನ ಶೂ ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಸವರುತ್ತಲೇ ಇರುತ್ತದೆ. ಶೂವಿನ ಮೇಲಿನ ಪದರ, ಲೈನಿಂಗ್, ಸವೆದು ಮುಗಿದ ಮೇಲೆ ಕಬ್ಬಿಣಕ್ಕೆ ಕಬ್ಬಿಣ. ಖಾತ್ರಿಗೆ, ಖಾಲಿ ಮಣ್ಣುರಸ್ತೆಯಲ್ಲಿ ಹತ್ತರ ವೇಗದಲ್ಲಿ ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಲಿವರ್ ಸ್ವಲ್ಪ ಎತ್ತಿ. ಅದು ಹಿಂದಿನ ಎರಡು ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಕಿರಕಿರ ಹೆಚ್ಚಿದರೆ ಮುಗಿಯಿತು.

ಬೇರಿಂಗ್ ಬಲ ಮುಂದಿನದೋ ಹಿಂದಿನದೋ ಎಂಬುದನ್ನು ಜ್ಯಾಕ್ ಹಾಕಿಯೇ ತಿಳಿಯಬೇಕು. ಗಟ್ಟಿ ನೆಲ, ಉಳಿದ ಚಕ್ರಗಳಿಗೆ ಕಲ್ಲು, ಜ್ಯಾಕ್ ಜೊತೆಗೆ ಸ್ಟ್ಯಾಂಡ್. ಜ್ಯಾಕ್ ಒಂದನ್ನೇ ನಂಬಿ ಕೈ ಒಳಗೆ ಹಾಕಬೇಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಚಕ್ರದ ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ, ಆಟ (ಸಡಿಲ) ಸಿಕ್ಕಿದರೆ ಅನುಮಾನ ಪಕ್ಕಾ. ಆಟ ಇಲ್ಲದಿದ್ದರೂ ಬೇರಿಂಗ್ ಸರಿಯಿದೆ ಎಂದು ಅರ್ಥವಲ್ಲ. ಒಂದು ಕೈಯಿಂದ ಚಕ್ರ ತಿರುಗಿಸಿ, ಇನ್ನೊಂದು ಕೈಯ ಬೆರಳುಗಳನ್ನು ಸುರುಳಿ ಸ್ಪ್ರಿಂಗಿನ ಮೇಲೆ ಹಗುರಾಗಿ ಇಡಿ. ಕಿವಿಗೆ ಕೇಳದ್ದು ಬೆರಳಿಗೆ ಸಿಗುತ್ತದೆ. ಒಳ್ಳೆಯ ಬೇರಿಂಗ್ ಆದರೆ ಸ್ಪ್ರಿಂಗ್ ಸತ್ತಂತೆ ಇರುತ್ತದೆ, ಕೆಟ್ಟದ್ದಾದರೆ ಇರುವೆ ಹರಿದಂತೆ ನಡುಗುತ್ತದೆ.

ಬದಲಿಸುವಾಗ ಎದುರು ನಿಂತು ನೋಡಿ. ಮುಂದಿನ ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕು. ಸುತ್ತಿಗೆಯಿಂದ ಬಡಿದರೆ ಗುಂಡುಗಳು ಓಡುವ ಹಾದಿಯಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತವೆ, ಆರೇ ತಿಂಗಳಲ್ಲಿ ಹೊಸದೂ ಒರಳಾಗುತ್ತದೆ. ನೀರು ತಡೆಯುವ ರಬ್ಬರ್ ಸೀಲ್ ಹಳೆಯದನ್ನೇ ಹಾಕಲು ಬಿಡಬೇಡಿ. ಅಲ್ಲಿಯವರೆಗೆ ಘಾಟಿ ಇಳಿಯಬೇಡಿ. ಸವೆದ ಶೂ ಇಟ್ಟುಕೊಂಡು ಘಾಟಿಯ ಕೆಳಗಿನ ಸೋಮೇಶ್ವರದ ಕಡೆಗೆ ಹೋಗುವ ಧೈರ್ಯ ಯಾರಿಗೂ ಬೇಡ.

ಹೊಸನಗರದ ಮೇಷ್ಟ್ರು

ನಡುವೆ ಬಾಯಿ ಹಾಕುತ್ತಿದ್ದೇನೆ. ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಹಿಡಿದುಕೊಳ್ಳುವುದು ನಮ್ಮ ಕಡೆ ಪ್ರತಿ ಎರಡನೆಯ ಮನೆಯ ಕತೆ. ನಾನು ಈಗ ಅಂಗಳದಲ್ಲಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಹಲಸಿನ ಮರದ ಅಡೆ ಕೊಡುತ್ತೇನೆ. ನಾಲ್ಕು ಮಳೆಗಾಲ ಕಳೆಯಿತು, ತೊಂದರೆಯಿಲ್ಲ. ಬೇರಿಂಗಿಗೆ ನೀರು ಹೇಗೆ ಹೋಗುತ್ತದೆ ಎಂಬುದನ್ನು ಯಾರಾದರೂ ವಿವರಿಸುತ್ತೀರಾ? ಸೀಲ್ ಇರುತ್ತದಲ್ಲ?

ಗ್ಯಾರೇಜ್ ಕೈ

ಮೇಷ್ಟ್ರೇ, ಓಡಿ ಬಂದ ಚಕ್ರದ ನಡುಭಾಗ, ಅಂದರೆ ಹಬ್, ಬಿಸಿಯಾಗಿರುತ್ತದೆ. ಹಾಗೆಯೇ ಹಳ್ಳಕ್ಕೆ ಇಳಿಸಿದರೆ ತಣ್ಣೀರು ತಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಅಂಚಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಸೀಲ್ ಹಳತಾಗಿ ಗಟ್ಟಿಯಾಗಿದ್ದರೆ ಕೇಳುವುದೇ ಬೇಡ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆಯಲ್ಲಿ ಆ ರಬ್ಬರ್ ಇಷ್ಟು ವರ್ಷ ತಡೆದದ್ದೇ ಹೆಚ್ಚು.

ಗುಡ್ಡೇಕೇರಿ ತೋಟದವ

ತಡವಾಗಿ ಬರೆಯುತ್ತಿದ್ದೇನೆ, ಕೊಯ್ಲಿನ ಸಿದ್ಧತೆಯ ಗಡಿಬಿಡಿ.

ಹ್ಯಾಂಡ್ ಬ್ರೇಕಿನ ಪರೀಕ್ಷೆ ಮಾಡಿದೆ. ಲಿವರ್ ಎರಡು ಬೆರಳು ಎತ್ತಿದ ಕೂಡಲೇ ತುರಿಮಣೆ ಕಿರುಚಿತು. ಹಿಂದಿನಿಂದ ಅಮ್ಮ "ಇದೇ, ಇದೇ" ಎಂದರು.

ಜ್ಯಾಕ್ ಹಾಕಿದ್ದು ಅಡಿಕೆ ಒಣಗಿಸುವ ಸಿಮೆಂಟು ಅಂಗಳದಲ್ಲಿ. ಸ್ಟ್ಯಾಂಡನ್ನು ಪಕ್ಕದ ಮನೆಯವರಿಂದ ತಂದೆ. ಬಲ ಮುಂಚಕ್ರ ಅಲುಗಾಡಿಸಿದರೆ ಆಟವೇ ಇಲ್ಲ. ತಿರುಗಿಸಿದರೆ ಸದ್ದೂ ಇಲ್ಲ. ಇನ್ನೂ ಒಂದು ಸಲ ಮೂರ್ಖನಾದೆ ಎಂದುಕೊಂಡೇ ಸ್ಪ್ರಿಂಗಿನ ಮೇಲೆ ಬೆರಳಿಟ್ಟೆ. ನೀವು ಇರುವೆ ಎಂದಿರಿ, ನನಗೆ ಜೇನುಪೆಟ್ಟಿಗೆಯ ಮೇಲೆ ಕೈ ಇಟ್ಟ ಹಾಗಾಯಿತು. ಎಡದ್ದರ ಮೇಲೂ ಇಟ್ಟು ನೋಡಿದೆ, ಸತ್ತಂತೆ ಇತ್ತು. ಬಲ ಹಿಂದಿನದನ್ನೂ ನೋಡಲು ಹೋದೆ, ಆ ಚಕ್ರ ಸರಿಯಾಗಿ ತಿರುಗಲೇ ಇಲ್ಲ. ಅರ್ಧ ಸುತ್ತಿಗೆ ಕಿರ್ ಎಂದು ನಿಂತಿತು.

ಈ ಸಲ ಮೂರನೆಯ ಗ್ಯಾರೇಜಿಗೆ ಹೋಗಿ, "ಸದ್ದು ಬರುತ್ತದೆ" ಎಂದು ಹೇಳದೆ "ಬಲ ಮುಂದಿನ ಬೇರಿಂಗ್, ಬಲ ಹಿಂದಿನ ಶೂ ಮತ್ತು ಹ್ಯಾಂಡ್ ಬ್ರೇಕ್ ಕೇಬಲ್" ಎಂದು ಹೇಳಿದೆ. ಮೇಸ್ತ್ರಿ ಮುಖ ಎತ್ತಿ ನೋಡಿದರು. ಬೇರಿಂಗ್ ಹೊರಬಂದಾಗ ಗ್ರೀಸ್ ಇರಬೇಕಾದ ಜಾಗದಿಂದ ಕಾಫಿ ಡಿಕಾಕ್ಷನ್ ಬಣ್ಣದ ನೀರು ಸುರಿಯಿತು. ಗುಂಡುಗಳ ಮೇಲೆ ಸಿಡುಬಿನ ಕಲೆಯಂತೆ ಚುಕ್ಕಿ ಚುಕ್ಕಿ ತುಕ್ಕು. ಡ್ರಮ್ ಬಿಚ್ಚಿದಾಗ ನಮ್ಮ ದಾರಿಯ ಕೆಂಪು ಮಣ್ಣು ಒಣಗಿ ಅರ್ಧ ಲೋಟದಷ್ಟು ಉದುರಿತು. ಒಂದು ಶೂವಿನ ಲೈನಿಂಗ್ ಪೂರ್ತಿ ಹೋಗಿತ್ತು, ಡ್ರಮ್ಮಿನ ಒಳಗೆ ಉಗುರು ಕೂರುವಷ್ಟು ಆಳದ ಗೀರು. ಲೇತಿನಲ್ಲಿ ಸವರಿಸೋಣವೆಂದರೆ ಡ್ರಮ್ಮಿನ ಮೇಲೆ ಅಚ್ಚಾಗಿರುವ ಗರಿಷ್ಠ ಅಳತೆ ದಾಟುತ್ತದೆ ಎಂದರು. ಹೊಸ ಡ್ರಮ್ಮೇ ಹಾಕಿಸಿದೆ. ಹಿಂದಿನ ಎರಡೂ ಕಡೆ ಶೂ ಹೊಸದು, ಕೇಬಲ್ ಹೊಸದು. ಬೇರಿಂಗನ್ನು ಪ್ರೆಸ್ಸಿನಲ್ಲಿ ಕೂರಿಸಿದ್ದನ್ನು ಎದುರು ನಿಂತು ನೋಡಿದೆ. ಎರಡನೆಯ ಗ್ಯಾರೇಜಿನಲ್ಲಿ ಎಡದ್ದನ್ನು ಹೇಗೆ ಕೂರಿಸಿದ್ದರೋ, ಆ ದಿನ ನಾನು ಚಹಾ ಕುಡಿಯಲು ಹೋಗಿದ್ದೆ.

ಮೇಷ್ಟ್ರ ಹಲಸಿನ ಅಡೆಯನ್ನು ನಾನೂ ಮಾಡಿಸಿದ್ದೇನೆ, ನಮ್ಮದು ನಂದಿ ಮರದ್ದು.

ನಿನ್ನೆ ಅಮ್ಮನೊಂದಿಗೆ ಶಿವಮೊಗ್ಗಕ್ಕೆ ಹೋಗಿ ಬಂದೆ. ಮಂಡಗದ್ದೆಯ ತಿರುವುಗಳಲ್ಲಿ ಇಬ್ಬರೂ ಮಾತು ನಿಲ್ಲಿಸಿ ಕೂತಿದ್ದೆವು. ಒರಳೂ ಇಲ್ಲ, ತುರಿಮಣೆಯೂ ಇಲ್ಲ. ಗಾಜನೂರು ದಾಟಿದ ಮೇಲೆ ಅಮ್ಮ, "ಹಿಂದೆ ಏನೋ ಲೊಟಕ್ ಎನ್ನುತ್ತಿದೆಯಲ್ಲ" ಎಂದರು. ಎದೆ ಧಸಕ್ಕೆಂದಿತು. ನಿಲ್ಲಿಸಿ ಡಿಕ್ಕಿ ತೆಗೆದು ನೋಡಿದರೆ ಜ್ಯಾಕ್ ಆಚೀಚೆ ಉರುಳುತ್ತಿತ್ತು. ಗೋಣಿಚೀಲ ಸುತ್ತಿ ಇಟ್ಟಿದ್ದೇನೆ.